ಎದುರು ಕೂತು ಹೊಲಿದವಳು

ನೆಜು ಮನೆತನದ ಫುಸಾ ಮೊದಲು ಬಿಟ್ಟದ್ದು ಬೆಂಜೀನನ್ನು. ಮದುವೆಯಾಗಿ ಈ ಓಣಿಗೆ ಬಂದಾಗಿನಿಂದ ಅವಳು ಕಿಮೋನೊ ಹೊಲಿದವಳು, ಹಳೆಯದನ್ನು ಬಿಚ್ಚಿ ಒಗೆದು ಮತ್ತೆ ಹೊಲಿದವಳು. ಕೊರಳಪಟ್ಟಿಯ ಜಿಡ್ಡು ತೆಗೆಯಲು ಬೆಂಜೀನ್ ಇಲ್ಲದೆ ಆ ಕಸುಬು ನಡೆಯುವುದಿಲ್ಲ. ಆದರೆ ಗಂಡ ಸತ್ತ ಮೇಲೆ ಮೊದಲ ಸಲ ಶೀಶೆಯ ಮುಚ್ಚಳ ತಿರುಗಿಸಿದಾಗ, ವಾಸನೆ ಮೂಗಿಗೆ ತಾಗಿದ್ದೇ ತಡ, ಬರಿಗಾಲಲ್ಲಿ ಓಣಿಗೆ ಓಡಿಬಂದು ನಿಂತಳು. ಎದುರುಮನೆಯ ಹೆಂಗಸು ಏನಾಯಿತೆಂದು ಕೇಳಿದ್ದಕ್ಕೆ ಬೆಕ್ಕು ನುಗ್ಗಿತ್ತು ಎಂದಳು. ಮಾರನೆಯ ದಿನ ಶೀಶೆಯನ್ನು ಬಟ್ಟೆಯಲ್ಲಿ ಸುತ್ತಿ ಹಾರ್ಡ್‌ವೇರ್ ಅಂಗಡಿಗೆ ಕೊಟ್ಟುಬಂದಳು. ಕಲೆಯಿರುವ ಬಟ್ಟೆ ತಂದವರಿಗೆ ಕಣ್ಣು ಮಂಜಾಗಿದೆ ಎಂದು ಹೇಳಿ ಹಿಂದಕ್ಕೆ ಕಳಿಸತೊಡಗಿದಳು. ಸುಳ್ಳು ಹೇಳುವ ಹೆಂಗಸಲ್ಲ ಫುಸಾ. ಹೆದರಿಕೆಯಾಗುತ್ತದೆ ಎನ್ನುವುದಕ್ಕಿಂತ ಕಣ್ಣು ಮಂಜು ಎನ್ನುವುದು ಸುಲಭವಾಗಿತ್ತು, ಅಷ್ಟೆ.

ಗಂಡ ತೇಯ್ಜೊ ಸತ್ತದ್ದು ನೆಲದಡಿಯ ರೈಲಿನ ನಿಲ್ದಾಣದಲ್ಲಿ. ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸಿ ನಿವೃತ್ತನಾದವನು, ಗಲಾಟೆ ಎಂದರೆ ಆಗದವನು. ವಸಂತದ ವಿಷುವದಂದು ಎಲ್ಲರೂ ಹಿರಿಯರ ಸಮಾಧಿಗೆ ಹೋಗುತ್ತಾರೆ, ಕಾಲಿಡಲು ಜಾಗವಿರುವುದಿಲ್ಲ, ನಾನು ಹಿಂದಿನ ದಿನವೇ ಹೋಗಿ ಕಲ್ಲು ತೊಳೆದು ಬರುತ್ತೇನೆಂದು ಬ್ರಷ್ಷು, ಊದಿನಕಡ್ಡಿ ಕಟ್ಟಿಕೊಂಡು ಬೆಳಿಗ್ಗೆ ಹೊರಟ. ಹಬ್ಬದ ಸಿಹಿಯುಂಡೆಗೆ ಕೆಂಪು ಕಾಳು ಬೇಯಿಸುತ್ತಿದ್ದ ಫುಸಾ ತಿರುಗಿಯೂ ನೋಡದೆ ಹೋಗಿಬನ್ನಿ ಎಂದಳು. ನಿಲ್ದಾಣ ಅಲ್ಲೇ, ಹಾಲಿನ ಅಂಗಡಿ ದಾಟಿದರೆ ಮೆಟ್ಟಿಲು. ಅಂದು ಅಲ್ಲಿಗೆ ಬಂದ ರೈಲಿನ ಬೋಗಿಯೊಳಗೆ ಯಾರೋ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣವಿಟ್ಟು, ಅದನ್ನು ಚುಚ್ಚಿ, ಇಳಿದುಹೋಗಿದ್ದರು. ಸೋರಿದ ದ್ರವ ಆವಿಯಾಗಿ ಜನರ ಉಸಿರು ಕಟ್ಟಿತು.

ಸೈರನ್ ಕೂಗುವ ಆಸ್ಪತ್ರೆಯ ವಾಹನಗಳ ಸದ್ದಿಗೆ ಫುಸಾ ಹೊರಗೆ ಬಂದಾಗ ಹಾಲಿನ ಅಂಗಡಿಯ ಮುಂದೆ ಜನ ಸಾಲಾಗಿ ಮಲಗಿದ್ದರು. ಒಬ್ಬ ಹುಡುಗಿ ಕಣ್ಣುಜ್ಜುತ್ತ, "ಅಜ್ಜಿ, ಇಷ್ಟು ಬೇಗ ಕತ್ತಲಾಯ್ತಾ?" ಎಂದು ಕೇಳಿದಳು. ಬೆಳಗಿನ ಬಿಸಿಲು ಹರಡಿತ್ತು; ವಿಷ ಅವಳ ಕಣ್ಣಿಗೆ ತಾಗಿತ್ತು. ಫುಸಾ ಒದ್ದೆ ಟವೆಲು ತಂದು ಅವಳ ಮುಖ ಒರೆಸಿದಳು. ತನ್ನ ಗಂಡ ಅದೇ ಮೆಟ್ಟಿಲ ಕೆಳಗೆ ಬಿದ್ದಿದ್ದಾನೆಂದು ಆಗ ಅವಳಿಗೆ ತಿಳಿದಿರಲಿಲ್ಲ. ಗಂಡನಿಗೆ ಮರುದಿನ ಹೋಗಲು ಹೇಳಬಹುದಿತ್ತು, ತಾನೂ ಜೊತೆಗೆ ಹೊರಡಬಹುದಿತ್ತು ಎಂಬ ಮಾತನ್ನು ಮಗಳು ಯಸುಯೊ ಅನೇಕ ಸಲ ಎತ್ತಿದಳು. ಫುಸಾ ಅದಕ್ಕೆ ಕಿವಿಗೊಡಲಿಲ್ಲ. ಪೊಟ್ಟಣ ಚುಚ್ಚಿದವನ ಪಾಪವನ್ನು ಮನೆಮಂದಿ ಹಂಚಿಕೊಂಡು ಹೊರುವುದರಲ್ಲಿ ಅರ್ಥವಿಲ್ಲವೆಂದು ಅವಳ ಎಣಿಕೆ.

ಆಸ್ಪತ್ರೆಯವರು ಹೆಣವನ್ನು ಚೆನ್ನಾಗಿ ತೊಳೆದು ಕೊಟ್ಟರು. ಉಟ್ಟ ಬಟ್ಟೆಯನ್ನು ಪೊಲೀಸರು ಇಟ್ಟುಕೊಂಡರು. ಅಂತ್ಯಕ್ರಿಯೆಯ ಏರ್ಪಾಡು ಮಾಡುವವನು ಬಿಳಿ ಉಡುಪು ಸಿದ್ಧವಾಗಿಯೇ ಸಿಗುತ್ತದೆ, ತಂದುಕೊಡುತ್ತೇನೆ ಎಂದ. ಫುಸಾ ಬೇಡವೆಂದಳು. ಊರವರಿಗೆಲ್ಲ ಹೊಲಿದವಳು ಗಂಡನನ್ನು ಅಂಗಡಿಯ ಬಟ್ಟೆಯಲ್ಲಿ ಕಳಿಸುವುದುಂಟೇ?

ಆದರೆ ಸತ್ತವರ ಉಡುಪನ್ನು ಒಬ್ಬಳೇ ಹೊಲಿಯುವ ಹಾಗಿಲ್ಲ. ಇಬ್ಬರಾದರೂ ಎದುರುಬದುರು ಕೂತು, ಒಂದೇ ಬಟ್ಟೆಯನ್ನು ಆ ತುದಿಯಿಂದ ಒಬ್ಬರು, ಈ ತುದಿಯಿಂದ ಒಬ್ಬರು ಹೊಲಿದುಕೊಂಡು ಬರಬೇಕು. ಕತ್ತರಿ ಮುಟ್ಟಬಾರದು, ಕೈಯಿಂದಲೇ ಹರಿಯಬೇಕು. ದಾರಕ್ಕೆ ಗಂಟು ಹಾಕಬಾರದು, ಹಾಕಿದರೆ ಹೋಗುವವರ ಕಾಲಿಗೆ ತೊಡರುತ್ತದೆ. ಒಬ್ಬಳೇ ಹೊಲಿದರೆ ಸಾವು ಮತ್ತೆ ಅದೇ ಮನೆಯ ಬಾಗಿಲಿಗೆ ಬರುತ್ತದೆ ಎನ್ನುತ್ತಾರೆ. ಓಣಿಯಲ್ಲಿ ಸಾವಾದಾಗ ನೆರೆಯ ಹೆಂಗಸರು ಕರೆಯದೆಯೇ ಹಿತ್ತಲ ಬಾಗಿಲಿಂದ ಬಂದು ಅಡುಗೆಮನೆ ಹಿಡಿಯುವುದು, ಹೊಲಿಗೆಗೆ ಕೂರುವುದು ರೂಢಿ. ಆ ಮಧ್ಯಾಹ್ನ ಯಾರೂ ಬರಲಿಲ್ಲ. ಹೆಣದ ಕೂದಲಿನಲ್ಲಿ ವಿಷ ಉಳಿದಿರುತ್ತದೆಂದು ಯಾರೋ ಹೇಳಿದ್ದರು. ಯಸುಯೊ ಚಿಬಾ ಊರಿನ ತನ್ನ ಮನೆಯಿಂದ ಹೊರಟಿದ್ದಳು, ರೈಲು ನಿಂತಿದ್ದರಿಂದ ಇನ್ನೂ ತಲುಪಿರಲಿಲ್ಲ. ಫುಸಾ ಬಿಳಿಯ ಹತ್ತಿಬಟ್ಟೆಯನ್ನು ಚಾಪೆಯ ಮೇಲೆ ಹರಡಿಕೊಂಡು, ಸೂಜಿಗೆ ದಾರ ಪೋಣಿಸಿ, ಸುಮ್ಮನೆ ಕೂತಿದ್ದಳು.

ಬಂದವಳು ಶಿಗೆ. ಓಣಿಯ ತುದಿಯ ತೋಫು ಅಂಗಡಿಯವಳು, ಹತ್ತು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡು ತಾನೇ ಸೋಯಾ ಕಾಳು ರುಬ್ಬಿ ಅಂಗಡಿ ನಡೆಸುತ್ತಿದ್ದವಳು. ರಬ್ಬರ್ ಬೂಟನ್ನು ಹಿತ್ತಲಲ್ಲಿ ಬಿಟ್ಟು, ಒದ್ದೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ಫುಸಾಳಿಗಿಂತ ನಾಲ್ಕಾರು ವರ್ಷ ಚಿಕ್ಕವಳು, ನಾಲಗೆ ಮಾತ್ರ ಹಿರಿದು.

"ಸೂಜಿ ಕೊಡಿ," ಎಂದಳು.

"ನಿನ್ನ ಹೊಲಿಗೆ ನಂಗೊತ್ತು. ಕೋಳಿ ಕೆದಕಿದ ಹಾಗಿರುತ್ತೆ."

"ಇರಲಿ ಬಿಡಿ. ತೇಯ್ಜೊ-ಸಾನ್ ಕನ್ನಡಕ ಇಲ್ಲದೆ ಹೋಗ್ತಿದ್ದಾರೆ, ಕಾಣಲ್ಲ."

ಫುಸಾಳಿಗೆ ನಗು ಬಂದುಬಿಟ್ಟಿತು. ಆ ಎರಡು ದಿನಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ. ಇಬ್ಬರೂ ಎದುರುಬದುರು ಕೂತು ಹೊಲಿದರು. ಶಿಗೆಯ ಬೆರಳುಗಳು ನೀರಿನಲ್ಲಿ ನೆನೆದು ನೆನೆದು ಊದಿದ್ದವು, ಸೂಜಿ ಜಾರುತ್ತಿತ್ತು. ತೇಯ್ಜೊ ದಿನಾ ತೋಫು ಗಟ್ಟಿ ಎಂದು ಗೊಣಗುತ್ತಿದ್ದುದನ್ನೂ, ಹಾಗೆ ಗೊಣಗಿ ಒಂದು ದಿನವೂ ಬೇರೆ ಅಂಗಡಿಗೆ ಹೋಗದಿದ್ದುದನ್ನೂ ಶಿಗೆ ಹೇಳಿದಳು. ಎರಡು ಹೊಲಿಗೆ ಬೆನ್ನಿನ ಮಧ್ಯದಲ್ಲಿ ಕೂಡಿದಾಗ ಇಬ್ಬರೂ ದಾರ ಹಾಗೆಯೇ ಬಿಟ್ಟು ಕೈತೆಗೆದರು. ತೇಯ್ಜೊ ಆ ಬಟ್ಟೆಯಲ್ಲೇ ಬೆಂಕಿಗೆ ಹೋದ.

ಆಮೇಲೆ ಆ ಕೆಲಸ ಯಾರದೆಂದು ಗೊತ್ತಾಯಿತು. ಬೆಟ್ಟದ ಬುಡದಲ್ಲಿ ಗುರುವೊಬ್ಬನನ್ನು ನಂಬಿಕೊಂಡು ಒಟ್ಟಾಗಿ ಬದುಕುತ್ತಿದ್ದ ಒಂದು ಪಂಥದವರದು. ಪೊಲೀಸರು ಅವರ ಕಟ್ಟಡಗಳಿಗೆ ನುಗ್ಗಿದರು, ದಿನವಿಡೀ ಟೀವಿಯಲ್ಲಿ ಅದೇ. ಒಂದು ಸಂಜೆ ವಿಚಾರಣೆಗೆ ಕರೆದೊಯ್ಯುತ್ತಿದ್ದ ತರುಣ ಅನುಯಾಯಿಗಳ ಗುಂಪನ್ನು ತೋರಿಸಿದಾಗ ಓಣಿಯ ಅರ್ಧ ಮನೆಗಳಲ್ಲಿ ಒಮ್ಮೆಗೇ ಒಂದೇ ಕೂಗು ಎದ್ದಿತು: ಅವನು ತೋಫು ಅಂಗಡಿಯ ಮಿನೋರು ಅಲ್ಲವೇ!

ಮಿನೋರು ಶಿಗೆಯ ಒಬ್ಬನೇ ಮಗ. ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ ಎಂದು ಅವಳು ನಾಲ್ಕು ವರ್ಷದಿಂದ ಹೇಳಿಕೊಂಡು ಬಂದಿದ್ದಳು. ಅವನು ಪಂಥದ ಅಡುಗೆಮನೆಯಲ್ಲಿ ಸೊಪ್ಪು ಹೆಚ್ಚುತ್ತಿದ್ದವನು, ವಿಷದ ಕೆಲಸಕ್ಕೂ ಅವನಿಗೂ ಸಂಬಂಧ ಕಾಣುವುದಿಲ್ಲ ಎಂದು ಪೊಲೀಸರು ಸ್ವಲ್ಪ ದಿನದಲ್ಲೇ ಬಿಟ್ಟುಬಿಟ್ಟರು. ಅವನು ಬೇರೆಲ್ಲಿಗೂ ಹೋಗಲಾಗದೆ ತಾಯಿಯ ಮನೆಯ ಮಹಡಿಗೆ ಬಂದು ಸೇರಿದ.

ಓಣಿ ತೋಫು ಕೊಳ್ಳುವುದನ್ನು ನಿಲ್ಲಿಸಿತು. ಶಿಗೆಯ ಅಂಗಡಿಯದು ಬಾವಿಯ ನೀರು, ಅದಕ್ಕೇ ಆ ತೋಫುವಿಗೆ ಹೆಸರು. ಈಗ ಅದೇ ಬಾವಿಯ ಬಗ್ಗೆ ಮಾತು ಹುಟ್ಟಿತು. ಆ ಹುಡುಗ ಬಾವಿಗೆ ಏನಾದರೂ ಹಾಕಿದರೆ? ಹಾಕಿಲ್ಲ ಎನ್ನುವುದಕ್ಕೆ ಏನು ಖಾತ್ರಿ? ನಗರಸಭೆಯವರು ಬಂದು ನೀರು ಪರೀಕ್ಷಿಸಿ ಸರಿಯಿದೆ ಎಂದರು. ಇವತ್ತು ಸರಿಯಿದೆ, ನಾಳೆ? ಎಂದಿತು ಓಣಿ.

ಬಾವಿಯ ಮಾತು ಫುಸಾಳ ಕಿವಿಗೆ ಬಿದ್ದಾಗ ತಾಯಿ ನೆನಪಾದಳು. ಊರನ್ನೇ ಕೆಡವಿದ ಮಹಾಭೂಕಂಪ ಆದದ್ದು ಫುಸಾ ಹುಟ್ಟುವ ಮೊದಲು. ಊರು ಹೊತ್ತಿ ಉರಿಯುತ್ತಿದ್ದಾಗ ಕೊರಿಯಾದವರು ಬಾವಿಗಳಿಗೆ ವಿಷ ಹಾಕುತ್ತಿದ್ದಾರೆ ಎಂಬ ಸುದ್ದಿ ಹಬ್ಬಿ, ಓಣಿ ಓಣಿಯಲ್ಲಿ ಗಂಡಸರು ಬಿದಿರಿನ ಈಟಿ ಹಿಡಿದು ನಿಂತಿದ್ದರಂತೆ. ಮಕ್ಕಳಿಗೆ ಮಿಠಾಯಿ ಮಾರುತ್ತಿದ್ದ ಕೊರಿಯಾದವನೊಬ್ಬನನ್ನು ಸೇತುವೆಯ ಹತ್ತಿರ ಕೊಂದರಂತೆ. ಈಟಿ ಹಿಡಿದಿದ್ದವರಲ್ಲಿ ಮೀನಿನ ಅಂಗಡಿಯವನಿದ್ದ, ಕ್ಷೌರಿಕನಿದ್ದ, ಎಲ್ಲ ಗೊತ್ತಿದ್ದವರೇ. ತಾಯಿ ಇದನ್ನು ಹೇಳಿದ್ದು ಬದುಕಿನಲ್ಲಿ ಒಂದೇ ಸಲ, ಹಳೆಯ ಕಿಮೋನೊದ ಹೊಲಿಗೆ ಬಿಚ್ಚುತ್ತ, ತಲೆಯೆತ್ತದೆ. "ಆ ಬಾವಿ ನೀರನ್ನೇ ಆಮೇಲೆ ಇಪ್ಪತ್ತು ವರ್ಷ ಕುಡಿದ್ವಿ," ಎಂದು ಮುಗಿಸಿದ್ದಳು.

ಇದೆಲ್ಲ ಫುಸಾಳಿಗೆ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಉಪಯೋಗವಾಗಲಿಲ್ಲ. ಶಿಗೆ ಎಂದಿನಂತೆ ಹಿತ್ತಲಲ್ಲಿ ಇಟ್ಟುಹೋದ ತೋಫುವನ್ನು ಅವಳು ಮೋರಿಗೆ ಸುರಿದಳು, ಬಟ್ಟಲನ್ನು ಮೂರು ನೀರಿನಲ್ಲಿ ತೊಳೆದಳು. ಬಸ್ಸಿನಲ್ಲಿ ಯಾರೋ ಸೀಟಿನ ಮೇಲೆ ಪತ್ರಿಕೆ ಬಿಟ್ಟುಹೋದರೆ ಇಳಿಯುವ ಜಾಗ ಬರುವ ಮೊದಲೇ ಇಳಿದು ನಡೆದಳು. ಭಯ ಬುದ್ಧಿಯ ಮಾತು ಕೇಳುವುದಿಲ್ಲವೆಂದು ಈ ವಯಸ್ಸಿನಲ್ಲಿ ಅವಳಿಗೆ ತಿಳಿಯಿತು.

ಆದರೆ ಅವಳನ್ನು ಕೊರೆಯುತ್ತಿದ್ದದ್ದು ಬಾವಿಯಲ್ಲ. ಆ ಮಧ್ಯಾಹ್ನ ಎದುರು ಕೂತು ದಾರ ಎಳೆಯುತ್ತಿದ್ದಾಗ ಶಿಗೆಗೆ ಗೊತ್ತಿತ್ತೇ? ಮಗ ಎಲ್ಲಿದ್ದಾನೆಂದು ತಿಳಿದೂ, ಕೋಳಿ ಕೆದಕಿದ ಹೊಲಿಗೆಗೆ ತಮಾಷೆ ಮಾಡಿಕೊಂಡು ಕೂತಿದ್ದಳೇ? ಗೊತ್ತಿತ್ತು ಎಂದಾದರೆ ಆ ಬಟ್ಟೆಯ ಅರ್ಧ ಹೊಲಿಗೆಯನ್ನು ಹೇಗೆ ಬಿಚ್ಚುವುದು? ಬಟ್ಟೆಯೇ ಇಲ್ಲ, ಬೂದಿಯಾಗಿದೆ. ಹೊಲಿದದ್ದನ್ನು ಬಿಚ್ಚಿ ಸರಿಪಡಿಸುವುದೇ ಕಸುಬಾಗಿದ್ದ ಹೆಂಗಸಿಗೆ ಇದು ದೊಡ್ಡ ಹಿಂಸೆಯಾಯಿತು.

ನಲವತ್ತೊಂಬತ್ತನೆಯ ದಿನದ ಕರ್ಮ ಹತ್ತಿರ ಬಂದಿತು. ಆ ದಿನ ಸತ್ತವರು ಈ ಲೋಕದ ಕಡೆಯಿಂದ ಪೂರ್ತಿ ದಾಟುತ್ತಾರೆ, ನೆಂಟರೂ ನೆರೆಯವರೂ ಕೂತು ಮೀನುಮಾಂಸವಿಲ್ಲದ ಊಟ ಮಾಡುತ್ತಾರೆ. ಓಣಿಯ ಸಂಘದ ಮುಖ್ಯಸ್ಥ ಹಿರಾಬಯಾಶಿ, ಅಕ್ಕಿ ಅಂಗಡಿಯವನು, ಕರ್ಮದ ಅಕ್ಕಿ ತಾನೇ ಹೊತ್ತು ತಂದ. ಕರ್ಮಕ್ಕೆಂದು ಬಂದಿದ್ದ ಯಸುಯೊ ಅವನಿಗೆ ಚಹಾ ತಂದಿಟ್ಟು ತಾಯಿಯ ಪಕ್ಕದಲ್ಲೇ ಕೂತಳು.

"ನೆಜು-ಸಾನ್, ಒಂದು ಮಾತು ಕೇಳೋದಿದೆ. ಆ ತೋಫುವಿನವರು ಈ ಓಣಿ ಬಿಡಬೇಕು. ಎಲ್ಲರ ಮನಸ್ಸಲ್ಲೂ ಅದೇ ಇದೆ. ಆದ್ರೆ ನಾವು ಹೇಳಿದ್ರೆ ಜಗಳ ಆಗತ್ತೆ. ನೀವು ಹೇಳಿದ್ರೆ ಯಾರೂ ಕಮಕ್ ಕಿಮಕ್ ಅನ್ನಲ್ಲ. ನಿಮ್ಮ ಮನೆಯವರನ್ನ ಕಳ್ಕೊಂಡೋರು ನೀವು."

"ಏನು ಹೇಳಬೇಕು ನಾನು?"

"ಊಟದ ಹೊತ್ತಿಗೆ ಎಲ್ಲ ಇರ್ತಾರಲ್ಲ. ಅವರು ಇಲ್ಲಿರೋದು ನೋಡ್ಕೊಂಡು ಇರೋಕೆ ನನ್ನ ಕೈಲಾಗಲ್ಲ ಅಂತ ಒಂದು ಮಾತು. ಅಷ್ಟು ಸಾಕು. ಮುಂದಿಂದು ನಾವು ನೋಡ್ಕೋತೀವಿ."

"ಹೇಳಿಬಿಡಮ್ಮ," ಎಂದಳು ಯಸುಯೊ. "ದಿನಾ ಆ ಅಂಗಡಿ ಮುಂದೆ ಹಾದುಹೋಗೋಳು ನೀನು. ಅಪ್ಪನ ಬಟ್ಟೆಗೆ ಆ ಯಮ್ಮ ಕೈ ಹಾಕಿದ್ದು ನೆನೆಸಿಕೊಂಡ್ರೆ ನಂಗೆ ಮೈ ಉರಿಯತ್ತೆ."

"ಆವತ್ತು ನೀನಿನ್ನೂ ಬಂದಿರಲಿಲ್ಲ," ಎಂದಳು ಫುಸಾ.

"ರೈಲು ನಿಂತಿತ್ತು ಕಣಮ್ಮ!"

"ಗೊತ್ತು. ತಪ್ಪು ಅಂತ ಹೇಳ್ತಿಲ್ಲ. ಬಂದಿರಲಿಲ್ಲ ಅಂತ ಹೇಳ್ದೆ."

ಹಿರಾಬಯಾಶಿ ಚಹಾದ ಬಟ್ಟಲಿನೊಳಗೆ ನೋಡುತ್ತ ಕೂತ. ಅವನ ಹೆಂಡತಿಯೂ ಆ ದಿನ ಬಂದಿರಲಿಲ್ಲ. ಫುಸಾ ಅವನಿಗೆ, "ಯೋಚನೆ ಮಾಡ್ತೀನಿ," ಎಂದಳು.

ಮಾರನೆಯ ಮಧ್ಯಾಹ್ನ ಅವಳು ತೋಫು ಅಂಗಡಿಗೆ ಹೋದಳು. ಬಾಗಿಲ ಮೇಲೆ ಯಾರೋ ಕಪ್ಪು ಬಣ್ಣದಲ್ಲಿ "ಕೊಲೆಗಾರರು" ಎಂದು ಬರೆದಿದ್ದರು, ಉಜ್ಜಿದ ಗುರುತಿನ ನಡುವೆಯೂ ಅದು ಓದಲು ಬರುತ್ತಿತ್ತು. ಆ ಬಣ್ಣದ ವಾಸನೆಗೆ ಫುಸಾ ಒಂದು ಹೆಜ್ಜೆ ಹಿಂದೆ ಸರಿದಳು. ಸೆರಗಿನಂತೆ ಕಿಮೋನೊದ ತೋಳನ್ನು ಮೂಗಿಗೆ ಹಿಡಿದು ಹೊಸ್ತಿಲು ದಾಟಿದಳು. ಒಳಗೆ ನೀರಿನ ತೊಟ್ಟಿಯಲ್ಲಿ ಮೂರು ನಾಲ್ಕು ತೋಫು ಮಾತ್ರ ಮುಳುಗಿದ್ದವು. ಶಿಗೆ ಬಗ್ಗಿ ನೆಲ ತಿಕ್ಕುತ್ತಿದ್ದಳು. ಹಿಂದೆ, ಕಾಳು ಬೇಯಿಸುವ ಹಂಡೆಯ ಪಕ್ಕ, ಬಡಕಲು ಗಂಡಸೊಬ್ಬ ನಿಂತಿದ್ದ. ಫುಸಾಳನ್ನು ಕಂಡು ಅವನು ಒದ್ದೆ ನೆಲದ ಮೇಲೆ ಮಂಡಿಯೂರಿ ಹಣೆ ಹಚ್ಚಿದ.

"ಏಳಪ್ಪ, ನೆಲ ಒದ್ದೆ," ಎಂದಳು ಫುಸಾ. "ನಿನ್ನ ಹತ್ತಿರ ನಂಗೇನೂ ಮಾತಿಲ್ಲ. ನಿನ್ನನ್ನ ಕೇಳಬೇಕಾದ್ದನ್ನ ಕೇಳೋಕೆ ಪೊಲೀಸರಿದ್ದಾರೆ. ಮೇಲೆ ಹೋಗು."

ಮಿನೋರು ಎದ್ದು ಮಹಡಿ ಹತ್ತಿದ.

"ಶಿಗೆ-ಸಾನ್, ಆವತ್ತು ನನ್ನ ಎದುರು ಕೂತು ಹೊಲೀತಿದ್ದಾಗ ನಿಂಗೆ ಗೊತ್ತಿತ್ತಾ?"

ಶಿಗೆ ಪೊರಕೆಯನ್ನು ಗೋಡೆಗೆ ಒರಗಿಸಿದಳು. "ಅವನು ಅಲ್ಲಿದ್ದಾನೆ ಅಂತ ಗೊತ್ತಿತ್ತು. ಇದನ್ನ ಮಾಡಿದ್ದು ಅವರೇ ಅಂತ ಗೊತ್ತಿರಲಿಲ್ಲ."

"ಅನುಮಾನ?"

"ಇತ್ತು."

ಫುಸಾ ತೊಟ್ಟಿಯ ಅಂಚಿನ ಮೇಲೆ ಕೂತಳು.

"ಬೆಳಿಗ್ಗೆ ರೇಡಿಯೋದಲ್ಲಿ ವಿಷದ ಗಾಳಿ ಅಂದ ತಕ್ಷಣ ನಂಗೆ ಅವನ ಕಾಗದ ನೆನಪಾಯ್ತು," ಎಂದಳು ಶಿಗೆ. "ಹಿಂದಿನ ವರ್ಷ ಅವನು ಬರೆದಿದ್ದ, ಅಲ್ಲಿ ಹೊರಗಿನವರು ನಮ್ಮ ಮೇಲೆ ವಿಷದ ಗಾಳಿ ಬಿಡ್ತಿದ್ದಾರೆ ಅಂತ ಗುರುಗಳು ಹೇಳ್ತಾರೆ ಅಂತ. ಆ ಪದ ಬೇರೆ ಎಲ್ಲೂ ನಾನು ಕೇಳಿರಲಿಲ್ಲ. ಆಮೇಲೆ ತೇಯ್ಜೊ-ಸಾನ್ ಸುದ್ದಿ ಬಂತು. ಮನೇಲಿ ಕೂರಕ್ಕಾಗಲಿಲ್ಲ. ಕೈ ನಡುಗ್ತಿತ್ತು. ಸೂಜಿ ಜಾರ್ತಿದ್ದದ್ದು ಅದಕ್ಕೇ."

"ನೀರಲ್ಲಿ ನೆಂದು ಅಂದುಕೊಂಡಿದ್ದೆ."

"ಅದೂ ಹೌದು."

"ಹಾಗಾದ್ರೆ ನೀನು ಬಂದದ್ದು ನನಗೋಸ್ಕರ ಅಲ್ಲ."

"ಅಲ್ಲ," ಎಂದಳು ಶಿಗೆ. ಒದ್ದೆ ಕೈ ಒರೆಸಿಕೊಂಡು, "ಅರ್ಧ ಅಲ್ಲ, ಅರ್ಧ ಹೌದು. ಮೂವತ್ತು ವರ್ಷದಿಂದ ನಮ್ಮ ತೋಫು ಗಟ್ಟಿ ಅಂತ ಬೈದೋರು ತೇಯ್ಜೊ-ಸಾನ್. ಅದಕ್ಕೂ ಬಂದೆ," ಎಂದಳು.

"ಹೇಳಬೇಕಿತ್ತು ನೀನು. ಹೊಸ್ತಿಲಲ್ಲಿ ನಿಂತು, ಹಿಂಗಿಂಗೆ, ನನ್ನ ಮಗ ಅಲ್ಲಿದ್ದಾನೆ ಅಂತ."

"ಹೇಳಿದ್ರೆ ದಾರ ಕೊಡ್ತಿದ್ರಾ?"

"ಇಲ್ಲ."

"ಒಬ್ಬರೇ ಹೊಲೀತಿದ್ರಾ?"

ಫುಸಾ ಒಬ್ಬಳೇ ಹೊಲಿಯುತ್ತಿದ್ದಳೋ, ಅಂಗಡಿಯ ಬಟ್ಟೆ ತರಿಸುತ್ತಿದ್ದಳೋ. ಎರಡೂ ತೇಯ್ಜೊನಿಗೆ ಸಲ್ಲುವಂಥದ್ದಲ್ಲ. 

"ಸುಳ್ಳು ಹೇಳಬಹುದಿತ್ತು ನೀನು," ಎಂದಳು ಫುಸಾ. "ಅನುಮಾನಾನೂ ಇರಲಿಲ್ಲ ಅಂದಿದ್ರೆ ನಂಗೆ ಗೊತ್ತಾಗ್ತಿರಲಿಲ್ಲ."

"ಒಸಾಕಾದಲ್ಲಿದ್ದಾನೆ ಅಂತ ನಾಲ್ಕು ವರ್ಷ ಹೇಳಿ ಸಾಕಾಗಿದೆ, ಫುಸಾ-ಸಾನ್. ನಿಮ್ಮ ಹಿರಾಬಯಾಶಿ ಏನು ಮಾಡ್ತಿದ್ದಾರೆ ಅಂತಾನೂ ನಂಗೊತ್ತು. ನೀವು ಹೋಗು ಅಂದ್ರೆ ಹೋಗ್ತೀನಿ. ಅವರು ಅಂದ್ರೆ ಹೋಗಲ್ಲ."

ಇದು ಫುಸಾಳಿಗೆ ಇಷ್ಟವಾಗಲಿಲ್ಲ. ಹಿರಾಬಯಾಶಿಯೂ ಅದನ್ನೇ ತಂದು ಅವಳ ಮಡಿಲಿಗೆ ಹಾಕಿದ್ದ, ಇವಳೂ ಅದನ್ನೇ ಹಾಕಿದಳು. ಗಂಡ ಸತ್ತದ್ದರಿಂದ ತನಗೆ ಓಣಿಯ ಮೇಲೆ ಅಧಿಕಾರವೊಂದು ಬಂದಿದೆಯೆಂದು ಎಲ್ಲರೂ ತಿಳಿದ ಹಾಗಿತ್ತು. ಅಂಥ ಅಧಿಕಾರವನ್ನು ಅವಳು ಬೇಡಿರಲಿಲ್ಲ.

"ಕರ್ಮದ ಊಟಕ್ಕೆ ತೋಫು ಬೇಕು," ಎಂದಳು ಎದ್ದುನಿಂತು. "ಇಪ್ಪತ್ತು ಜನಕ್ಕೆ. ಗಟ್ಟಿ ಮಾಡಬೇಡ."

ಮನೆಗೆ ಬರುತ್ತ ದಾರಿಯಲ್ಲಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂದಿತು. ಏಕೆ ಹಾಗೆ ಹೇಳಿದೆನೆಂದು ಸರಿಯಾಗಿ ತಿಳಿಯಲಿಲ್ಲ. ಕ್ಷಮಿಸಿದ್ದಂತೂ ಅಲ್ಲ. ನಿಜ ಕೇಳಿ ನಿಜವನ್ನೇ ಪಡೆದ ಮೇಲೆ ಬರಿಗೈಯಲ್ಲಿ ಎದ್ದು ಬರುವುದು ಸರಿಯಲ್ಲವೆನ್ನಿಸಿತ್ತು, ಬಹುಶಃ ಅಷ್ಟೆ.

ಕರ್ಮದ ದಿನ ಭಿಕ್ಷು ಬಂದು ಮಂತ್ರ ಓದಿ, ಊಟಕ್ಕೆ ನಿಲ್ಲದೆ ಇನ್ನೊಂದು ಮನೆಗೆ ಹೋದ. ಆ ಓಣಿಗಳಲ್ಲಿ ಆ ತಿಂಗಳು ಅವನಿಗೆ ಕೆಲಸ ಹೆಚ್ಚಿತ್ತು. ಊಟದ ಮಣೆಗಳ ಮೇಲೆ ಬೇಯಿಸಿದ ಬಿದಿರಿನ ಮೊಳಕೆ, ಅಣಬೆ, ಸೊಪ್ಪು, ಎಳ್ಳಿನ ಚಟ್ನಿಯ ಜೊತೆ ಒಂದೊಂದು ಬಿಳಿ ತುಂಡು. ಎಲ್ಲರೂ ಎಲ್ಲವನ್ನೂ ತಿಂದರು, ಆ ಬಿಳಿ ತುಂಡನ್ನು ಯಾರೂ ಮುಟ್ಟಲಿಲ್ಲ.

"ಅಮ್ಮ, ಇದು ಎಲ್ಲಿಂದು?" ಎಂದು ಯಸುಯೊ ಪಿಸುಗುಟ್ಟಿದಳು.

"ನಿಮ್ಮಪ್ಪ ತಿಂತಿದ್ದ ಅಂಗಡೀದು," ಎಂದಳು ಫುಸಾ ಎಲ್ಲರಿಗೂ ಕೇಳುವಂತೆ.

ಹಿರಾಬಯಾಶಿ ಊಟದ ಕಡ್ಡಿಗಳನ್ನು ಕೆಳಗಿಟ್ಟ.  ಫುಸಾ ತನ್ನ ಮುಂದಿನ ತೋಫುವಿನ ಒಂದು ಮೂಲೆ ಮುರಿದು ಬಾಯಿಗಿಟ್ಟಳು. ತಣ್ಣಗೆ, ಮೆತ್ತಗೆ ಇತ್ತು, ಶಿಗೆ ನಿಜಕ್ಕೂ ಗಟ್ಟಿ ಮಾಡಿರಲಿಲ್ಲ.  ಆದರೆ ನುಂಗಲು ಆಗಲಿಲ್ಲ.  ಎಲ್ಲರ ಕಣ್ಣೆದುರು ಅದನ್ನು ಕಾಗದದ ಕರವಸ್ತ್ರಕ್ಕೆ ಉಗುಳಿ ಮಡಿಸಿ ಕಿಮೋನೊದ ತೋಳಿನೊಳಗೆ ಇಟ್ಟುಕೊಂಡಳು.

"ನೋಡಿದ್ರಾ," ಎಂದ ಹಿರಾಬಯಾಶಿ ಮೆಲ್ಲಗೆ. ಅವನ ದನಿಯಲ್ಲಿ ಗೆಲುವಿರಲಿಲ್ಲ, ಕನಿಕರವಿತ್ತು. "ನಿಮ್ಮ ಕೈಲೂ ಆಗಲ್ಲ. ಹೇಳಿಬಿಡಿ, ನೆಜು-ಸಾನ್."

"ಆಗಲ್ಲ, ನಿಜ," ಎಂದಳು ಫುಸಾ. "ನಂಗೆ ಹೆದರಿಕೆ. ಬೆಂಜೀನ್ ಕಂಡ್ರೆ ಹೆದರಿಕೆ, ಪೇಪರ್ ಪೊಟ್ಟಣ ಕಂಡ್ರೆ ಹೆದರಿಕೆ, ರೈಲಿನ ಮೆಟ್ಟಿಲ ಕಡೆ ತಲೆ ಹಾಕಿ ಮಲಗಲ್ಲ. ಇದನ್ನೂ ನುಂಗಕ್ಕಾಗಲಿಲ್ಲ. ಆದ್ರೆ ಹಿರಾಬಯಾಶಿ-ಸಾನ್, ಈ ಹೆದರಿಕೆ ನಂದು. ಇದನ್ನ ನಿಮಗೆ ಈಟಿ ಮಾಡ್ಕೊಳ್ಳೋಕೆ ಕೊಡಲ್ಲ."

ಕೆಲವರು ತಲೆ ತಗ್ಗಿಸಿದರು. ಮೂಲೆಯಲ್ಲಿದ್ದ ಮುದುಕಿಯೊಬ್ಬಳಿಗೆ ಈಟಿ ಎಂದ ಕೂಡಲೇ ಯಾವ ಈಟಿಯೆಂದು ಅರ್ಥವಾಯಿತು, ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

"ಶಿಗೆ-ಸಾನ್ ನಂಗೆ ಸುಳ್ಳು ಹೇಳಿ ನನ್ನೆದುರು ಕೂತಳು," ಎಂದು ಫುಸಾ ಮುಂದುವರಿಸಿದಳು. "ಅದು ನನಗೂ ಅವಳಿಗೂ ಇರೋ ಲೆಕ್ಕ, ಇನ್ನೂ ತೀರಿಲ್ಲ. ತೀರತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ಅವಳು ಕೂತಳು. ಆವತ್ತು ನನ್ನ ಎದುರಿನ ಚಾಪೆ ಖಾಲಿ ಇತ್ತು, ಬರಬೇಕಾದೋರು ಯಾರೂ ಬಂದಿರಲಿಲ್ಲ. ನಾನು ಅದನ್ನ ಎತ್ತಿ ಆಡ್ತಿಲ್ಲ. ನಿಮಗೂ ಹೆದರಿಕೆ ಇತ್ತು. ಹೆದರಿದ್ದಕ್ಕೆ ನಾನು ನಿಮ್ಮನ್ನ ಓಣಿ ಬಿಟ್ಟು ಹೋಗಿ ಅಂದ್ನಾ?"

 ಬಂದವರು ಬೇಗ ಎದ್ದರು. ಯಸುಯೊ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡುತ್ತ ತೊಳೆದಳು. ತಾಯಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಅವಳ ತೀರ್ಮಾನ. ಸಂಜೆ ಬಸ್ಸಿಗೆ ಹೊರಡುವಾಗ ಅದನ್ನು ಹೇಳಿಯೂ ಹೇಳಿದಳು.

"ಇರಬಹುದು," ಎಂದಳು ಫುಸಾ. "ಜೋಪಾನವಾಗಿ ಹೋಗು. ತಲುಪಿ ಫೋನ್ ಮಾಡು."

ಮಾರನೆಯ ಬೆಳಿಗ್ಗೆ ಹಿರಾಬಯಾಶಿ ಖಾಲಿ ಅಕ್ಕಿ ಚೀಲ ತೆಗೆದುಕೊಂಡು ಹೋಗುವ ನೆಪದಲ್ಲಿ ಬಂದ. ಒಳಗೆ ಬನ್ನಿ ಎಂದರೂ ಬಾರದೆ ಹೊಸ್ತಿಲ ಮೇಲೆ ಕೂತ. ಅಂಗಡಿಯ ನೀಲಿ ಏಪ್ರನ್ ತೊಟ್ಟಿದ್ದ, ಹುಬ್ಬಿನ ಮೇಲೆಲ್ಲ ತೌಡಿನ ಹುಡಿ. ರಾತ್ರಿ ನಿದ್ದೆ ಮಾಡಿದವನಂತೆ ಕಾಣಲಿಲ್ಲ.

"ನನ್ನ ಮೊಮ್ಮಕ್ಕಳು ದಿನಾ ಆ ಅಂಗಡಿ ಮುಂದೇನೇ ಸ್ಕೂಲಿಗೆ ಹೋಗ್ತಾರೆ," ಎಂದ. "ನಾಳೆ ಏನಾದ್ರೂ ಆದ್ರೆ ಅವರಪ್ಪನಿಗೆ ಏನು ಉತ್ತರ ಕೊಡಲಿ, ನೆಜು-ಸಾನ್? ಆ ಹುಡುಗ ಏನೂ ಮಾಡಲ್ಲ ಅಂತ ನೀವು ಹೇಳ್ತೀರಾ?"

"ಇಲ್ಲ. ಹೇಳಕ್ಕಾಗಲ್ಲ. ನಂಗೂ ಗೊತ್ತಿಲ್ಲ."

"ಮತ್ತೆ?"

"ಮತ್ತೆ ಏನೂ ಇಲ್ಲ. ನೀವು ಕೇಳ್ತಿರೋದನ್ನೇ ನಾನೂ ದಿನಾ ಕೇಳ್ಕೊಳ್ತೀನಿ."

ಹಿರಾಬಯಾಶಿ ತಲೆಯಾಡಿಸಿದ. ಅವನಿಗೆ ಬೇಕಾಗಿದ್ದದ್ದು ಇದಲ್ಲ. ಆದರೂ ಎದ್ದುಹೋಗಲಿಲ್ಲ. ಚೀಲವನ್ನು ಮಂಡಿಯ ಮೇಲೆ ಹಾಕಿಕೊಂಡು ಅದರ ಅಂಚನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದ. ಹೊರಗೆ ಶಾಲೆಯ ಮಕ್ಕಳು ಕೂಗುತ್ತ ಹೋದರು. ಅವನು ಕತ್ತು ಚಾಚಿ ಅವರು ಓಣಿಯ ತುದಿ ತಿರುಗುವವರೆಗೂ ನೋಡಿದ. ಫುಸಾಳೂ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಮಕ್ಕಳು ತಿರುಗಿ ಮರೆಯಾದ ಮೇಲೆ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

"ಆವತ್ತು ನನ್ನ ಹೆಂಡತಿ ಬರ್ತೀನಿ ಅಂದಿದ್ಲು," ಎಂದ ಹಿರಾಬಯಾಶಿ, ಬೀದಿಯ ಕಡೆಗೇ ಮುಖ ಮಾಡಿಕೊಂಡು. "ನಾನೇ ಬಾಗಿಲಿಗೆ ಅಡ್ಡ ನಿಂತೆ."

"ಹಾಗೇ ಇರಬಹುದು ಅಂತ ಅನ್ನಿಸಿತ್ತು."

"ಈ ಹೆದರಿಕೆ ಯಾವಾಗ ಹೋಗತ್ತೆ, ನೆಜು-ಸಾನ್?"

ಫುಸಾ ಕೆಟಲನ್ನು ಒಲೆಯ ಮೇಲಿಟ್ಟು ಬೆಂಕಿ ಹಚ್ಚಿದಳು.

"ನಂದು ಹೋದ್ರೆ ಹೇಳಿಕಳಿಸ್ತೀನಿ," ಎಂದಳು. "ಅಲ್ಲೀವರೆಗೆ ಹೊಸ್ತಿಲ ಮೇಲೆ ಕೂರಬೇಡಿ, ಬೆನ್ನಿಗೆ ಗಾಳಿ ಬಡಿಯತ್ತೆ. ಒಳಗೆ ಬನ್ನಿ."